ದೊಡ್ಡಮ್ಮ ಬಿಟ್ಟುಹೋದ ಕೆಲಸ

ದೊಡ್ಡಮ್ಮ ತೀರಿಕೊಂಡ ಮೂರನೇ ದಿನ ಎದುರು ಮನೆಯ ಟೈಲರ್ ಬಂದು, "ಪುಣ್ಯವಂತೆ, ಯಾರಿಗೂ ತೊಂದ್ರೆ ಕೊಡದೆ ಹೋದ್ರು" ಅಂದಾಗ ನನಗೆ ಮೈಯೆಲ್ಲ ಉರಿದುಹೋಯಿತು.

ಆಸ್ಪತ್ರೆಯಲ್ಲಿ ಆಯಾ ಆಗಿದ್ದ ದೊಡ್ಡಮ್ಮ, ನಿವೃತ್ತಿಯಾದ ಮೇಲೆ ದಿನಾ ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಅವನ ಮನೆಗೆ ಹೋಗುತ್ತಿದ್ದಳು. ಹಾಸಿಗೆ ಹಿಡಿದ ಅವನ ತಾಯಿಯ ಮೈ ಒರೆಸಿ, ಮಗ್ಗುಲು ಬದಲಿಸಿ, ಬೆನ್ನಿನ ಹುಣ್ಣಿಗೆ ಔಷಧಿ ಹಚ್ಚಿ ಬರುತ್ತಿದ್ದಳು. "ಪ್ರಾರ್ಥನೆಯ ಇನ್ನರ್ಧ ಅಲ್ಲಿ ಬಾಕಿ ಇದೆ ಕಣೇ" ಎನ್ನುತ್ತಿದ್ದಳು. ತನ್ನ ಎದೆನೋವನ್ನು ಮಾತ್ರ ಗ್ಯಾಸ್ ಎಂದು ಎಂಟು ದಿನ ನುಂಗಿಕೊಂಡಳು. ಒಂಬತ್ತನೇ ದಿನ ಕುಸಿದವಳು ಏಳಲಿಲ್ಲ. ಆ ಎಂಟು ದಿನಗಳಲ್ಲಿ ನಾನೂ, ಮಗು ಸೀನಿತೆಂದು ಅವಳನ್ನು ಮೂರು ಸಲ ಕೆಳಮನೆಯಿಂದ ನಮ್ಮ ಮಹಡಿ ಹತ್ತಿಸಿದ್ದೆ. ಅವಳ ಮುಖ ಬೆವೆತದ್ದು ಕಂಡಿತ್ತು. ಯಾಕೆಂದು ಕೇಳಲಿಲ್ಲ.

"ತಂಗೀ, ಅಮ್ಮನಿಗೆ ಮೂರು ದಿನದಿಂದ ಮಗ್ಗುಲೇ ಬದಲಿಸಿಲ್ಲ. ನೀವು ಸ್ವಲ್ಪ ಬಂದು..." ಟೈಲರ್ ರಾಗ ಎಳೆದ.

"ನಿಮ್ಮ ಕೈಗೇನಾಗಿದೆ ಅಣ್ಣಾ?"

"ನಂಗೆ ಅದೆಲ್ಲ ಬರಲ್ಲಮ್ಮ. ಗಂಡಸು ನಾನು."

"ಊರಿನ ಹೆಂಗಸರ ರವಿಕೆಗೆಲ್ಲ ಅಳತೆ ತಗೋತೀರಿ. ಹೆತ್ತವಳ ಬೆನ್ನು ಮುಟ್ಟೋಕೆ ಮಾತ್ರ ಗಂಡಸಾ?"

ಮಗುವನ್ನು ಸೊಂಟಕ್ಕೇರಿಸಿಕೊಂಡು ಅವನ ಹಿಂದೆಯೇ ಎದುರು ಮನೆಗೆ ಹೋದೆ. ಮುದುಕಿ ನನ್ನ ಕಡೆ ಕೈಚಾಚಿದರೂ ಬಾಗಿಲಲ್ಲೇ ನಿಂತೆ.

"ಒಂದು ಕೈ ಭುಜಕ್ಕೆ, ಇನ್ನೊಂದು ಸೊಂಟಕ್ಕೆ. ಎಳೀಬೇಡಿ, ಮೆಲ್ಲಗೆ ಹೊರಳಿಸಿ."

ಅವನು ಹೊರಳಿಸಿದ. ಹುಣ್ಣನ್ನು ಮೊದಲ ಸಲ ಕಂಡವನು ಮುಖ ಗೋಡೆಯ ಕಡೆ ತಿರುಗಿಸಿದ.

"ಅಲ್ಲಲ್ಲ, ಇಲ್ಲಿ ನೋಡಿ" ಎಂದು ಗದರಿದೆ.