ಮಾವನವರ ಧೋತರ, ನನ್ನ ಒದ್ದೆ ಬ್ಲೌಸು

ಹೋದ ತಿಂಗಳು ಒಂದು ಶನಿವಾರ, ಜನ ತುಂಬಿದ ಕಚೇರಿಯಲ್ಲಿ, ನನ್ನ ಬ್ಲೌಸಿನೊಳಗಿಂದ ನನ್ನ ಗಂಡನ ಕರ್ಚೀಫು ಜಾರಿ ಕೌಂಟರ್ ಮೇಲೆ ಬಿತ್ತು.

ನಗಬೇಡಿ. (ನಕ್ಕರೂ ಪರವಾಗಿಲ್ಲ, ಈಗ ನನಗೂ ನಗು ಬರುತ್ತದೆ.)

ಆರು ತಿಂಗಳ ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಹಾಜರಾಗಿ ಅದು ಮೂರನೇ ದಿನ. (ಈ ಅಂಕಣಕ್ಕೂ ಅಷ್ಟೇ ದಿನ ರಜೆ ಕೊಟ್ಟಿದ್ದು ನಿಮಗೆ ಗೊತ್ತೇ ಇದೆ.) ಬನಹಟ್ಟಿಯಿಂದ ಬಸ್ಸು ಹತ್ತಿ, ಮಹಾಲಿಂಗಪುರ ದಾಟಿ, ದಿನಾ ಮುಧೋಳಕ್ಕೆ ಹೋಗುತ್ತೇನೆ. ಅಲ್ಲಿ ರೈತರಿಗೆ ಹೊಲದ ಉತಾರ, ಅಂದರೆ ಪಹಣಿ, ಕೊಡುವ ಕೌಂಟರ್ ನನ್ನದು. ಹಗಲಿಗೆ ಗಂಜಿ ಮಾಡಿಟ್ಟು, ಮಗಳನ್ನು ಅತ್ತೆಯ ಮಡಿಲಿಗೆ ಹಾಕಿ ಹೊರಡುತ್ತೇನೆ. ರಜೆ ಮುಗಿದಿದೆ ಅನ್ನೋದು ನನಗೆ ಗೊತ್ತು. ನನ್ನ ಮೈಗೆ ಹೇಳೋರು ಯಾರು? ಹನ್ನೊಂದು ಗಂಟೆಯಾದರೆ ಸಾಕು, ಹಾಲು ಇಳಿಯುತ್ತದೆ. ಪಾಳಿಯಲ್ಲಿ ಯಾರದೋ ಕೂಸು ಅತ್ತರಂತೂ ಹನ್ನೊಂದಕ್ಕೂ ಕಾಯುವುದಿಲ್ಲ.

ಮೊದಲ ದಿನ ಇಡೀ ಹೊತ್ತು ಒಂದು ಫೈಲನ್ನು ಎದೆಗೆ ಅವಚಿಕೊಂಡೇ ಓಡಾಡಿದೆ. ಎರಡನೇ ದಿನ ಟಿಶ್ಯೂ ಪೇಪರ್ ಇಟ್ಟುಕೊಂಡೆ. ಮಧ್ಯಾಹ್ನಕ್ಕೆ ಅದು ಹಿಟ್ಟಿನ ಮುದ್ದೆಯಾಗಿತ್ತು. ಮೂರನೇ ದಿನ ಗಂಡನ ಎರಡು ಕರ್ಚೀಫು ಮಡಚಿ ಇಟ್ಟುಕೊಂಡೆ. ಆಚೆಯಿಂದ ಅರ್ಜಿ ತಗೊಳ್ಳಲು ಬಗ್ಗಿದ್ದೇ ತಡ, ಒಂದು ಹೊರಗೆ ಬಂತು.

ಕಂಬಳಿ ಹೊದ್ದ ಹಿರಿಯರೊಬ್ಬರು ನಿಂತಿದ್ದರು. ಅದನ್ನು ಎರಡೇ ಬೆರಳಲ್ಲಿ ಎತ್ತಿ, ತಲೆ ತಗ್ಗಿಸಿ, ನನ್ನ ಕಡೆ ಸರಿಸಿದರು.

"ಅಕ್ಕಾರ, ನಿಮ್ಮ ದಸ್ತಿ ಬಿತ್ತು ನೋಡ್ರಿ."

ಅಷ್ಟೇ. ಬಹಳ ಮರ್ಯಾದೆಯಿಂದ ಕೊಟ್ಟರು. ನನಗೆ ಕಷ್ಟವಾಗಿದ್ದೇ ಆ ಮರ್ಯಾದೆ. ಪಕ್ಕದ ಸೀಟಿನ ಸುನಂದಾ ಮೇಡಂ ಎಲ್ಲ ನೋಡಿದರು. ಮುಂದಿನ ವರ್ಷ ನಿವೃತ್ತರಾಗುವ ಹಿರಿಯರು ಅವರು. ನೋಡಿ, ಕಂಪ್ಯೂಟರ್ ಕಡೆ ಮುಖ ತಿರುಗಿಸಿಕೊಂಡರು.

ಸೋರುವ ಹಾಲು ಹೀರಿಕೊಳ್ಳಲು ಬ್ಲೌಸಿನೊಳಗೆ ಇಡುವ ಪ್ಯಾಡ್ ಸಿಗುತ್ತದೆ ಅಂತ ಕೇಳಿದ್ದೆ. ಸಂಜೆ ಮಹಾಲಿಂಗಪುರದಲ್ಲಿ ಇಳಿದು ಮೆಡಿಕಲ್ ಶಾಪಿಗೆ ಹೋದೆ. "ಪ್ಯಾಡ್ ಬೇಕಾಗಿತ್ತು" ಅಂದೆ. ಅಂಗಡಿಯವರು "ಕೂಸಿಗ ಏನ್ರಿ, ನಿಮಗ ಏನ್ರಿ?" ಅಂದರು. ಯಾವುದಕ್ಕೆ ಅಂತ ಬಿಡಿಸಿ ಹೇಳಲು ನಾಲಗೆ ಏಳಲಿಲ್ಲ. ಮಗಳ ಡೈಪರ್ ತಗೊಂಡು ಹೊರಗೆ ಬಂದೆ. ಆನ್‌ಲೈನ್‌ನಲ್ಲಿ ಹುಡುಕಿದರೆ ಬರಲು ಎಂಟು ದಿನ. ಎಂಟು ದಿನ ಯಾವ ಫೈಲ್ ಅವಚಿಕೊಂಡು ಕೂರಲಿ? ಮತ್ತೆ ಬಸ್ಸು ಹತ್ತುವಷ್ಟರಲ್ಲಿ ನಿರ್ಧಾರ ಆಗಿಹೋಗಿತ್ತು. ಮಗಳಿಗೆ ಎದೆಹಾಲು ಬಿಡಿಸುವುದು.

ಮನೆಗೆ ಬಂದವಳೇ ಅತ್ತೆಗೆ ಹೇಳಿದೆ. ನಮ್ಮತ್ತೆ ನೀಲವ್ವ ಕಡಿಮೆ ಮಾತಿನ ಹೆಂಗಸು. ಅರ್ಧ ಆಯುಷ್ಯ ಮಗ್ಗದ ಶೆಡ್ಡಿನಲ್ಲಿ ನೂಲು ಸುತ್ತಿದವರು, ಉಳಿದ ಹೊತ್ತಿನಲ್ಲಿ ಓಣಿಯವರಿಗೆಲ್ಲ ಹಳೇ ಬಟ್ಟೆಯ ಪದರ ಸೇರಿಸಿ ಕೌದಿ ಹೊಲಿದುಕೊಟ್ಟವರು.

"ಅತ್ತಿ, ಇನ್ನ ಡಬ್ಬಿ ಹಾಲು ಚಾಲೂ ಮಾಡೂಣ್ರಿ. ನನಗ ಆಗವಲ್ತು."

"ಯಾಕ, ಹಾಲು ಬತ್ಯಾವೇನು?"

"ಇಲ್ರಿ. ಹೆಚ್ಚಾಗ್ಯಾವು."

ಕರ್ಚೀಫಿನ ಕಥೆ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ. ಅವರು ನಗಲಿಲ್ಲ. ಮಗಳನ್ನು ನನ್ನ ತೊಡೆಗೆ ಹಾಕಿ ಎದ್ದು ಹೋದರು.

ಭಾನುವಾರ ಬೆಳಿಗ್ಗೆ ನೋಡಿದರೆ ಪಡಸಾಲೆಯಲ್ಲಿ ಟ್ರಂಕು ತೆಗೆದು ಕೂತಿದ್ದಾರೆ. ಕೈಯಲ್ಲಿ ಮಾವನವರ ಧೋತರ. ಮಾವ ಹೋಗಿ ನಾಲ್ಕು ವರ್ಷ. ಆ ಧೋತರಗಳನ್ನು ಅತ್ತೆ ಯಾರಿಗೂ ಕೊಟ್ಟಿರಲಿಲ್ಲ. ನಾನು ನೋಡುತ್ತಿದ್ದ ಹಾಗೇ ಪರ್ ಅಂತ ಹರಿದರು.

"ಅತ್ತಿ, ಅದು ಮಾವಾರದ್ದರಿ."

"ಹೌದು. ಅದಕ್ಕ ಇಷ್ಟ ಮೆತ್ತಗೈತಿ."

ಚಹಾದ ಬಸಿ ಬೋರಲಿಟ್ಟು, ಬಳಪದಿಂದ ಸುತ್ತ ಗೆರೆ ಎಳೆದರು. ಧೋತರದ ದುಂಡನೆಯ ತುಂಡುಗಳು, ನಡುವೆ ಹಳೇ ಟಾವೆಲ್ಲಿನದು, ಹೊರಮಗ್ಗಲಿಗೆ ನನ್ನದೇ ಒಂದು ಹಳೇ ಚೂಡಿದಾರದ ದಪ್ಪ ಬಟ್ಟೆ. ಎಲ್ಲ ಪದರ ಸೇರಿಸಿ ಕೌದಿಗೆ ಹಾಕುವ ಸಣ್ಣ ಹೊಲಿಗೆ ಶುರು ಮಾಡಿದರು. ನಾನು ಇನ್ನೊಂದು ಸೂಜಿ ತಗೊಂಡು ಪಕ್ಕಕ್ಕೆ ಕೂತೆ. ಸ್ವಲ್ಪ ಹೊತ್ತಿಗೆ, ಸೂಜಿಯಿಂದ ಕಣ್ಣೆತ್ತದೆ ಕೇಳಿದರು.

"ನಿನ್ನ ಗಂಡಗ ನಾ ಮೂರ ತಿಂಗಳಕ್ಕ ಹಾಲು ಬಿಡಿಸಿನಿ. ಗೊತ್ತೈತೇನು?"

ಗೊತ್ತಿರಲಿಲ್ಲ. ಅವರ ಮಗನಿಗೂ ಗೊತ್ತಿಲ್ಲ.

ಶೆಡ್ಡಿನಲ್ಲಿ ನೂಲು ಸುತ್ತುವಾಗ ಒಂದು ದಿನ ಹಾಲು ನೂಲಿನ ಮೇಲೆ ತೊಟ್ಟಿಕ್ಕಿತಂತೆ. ಬಿಳಿ ನೂಲಿಗೆ ಕಲೆ. ಸಾವಕಾರ ಎಲ್ಲರ ಮುಂದೆ "ನಾಳಿಂದ ಹಿಂಗ ಬರಬ್ಯಾಡ" ಅಂದನಂತೆ.

"ಹಿಂಗ ಅಂದ್ರ ಹೆಂಗ ಅಂತ ಕೇಳಾಕ ಧೈರ್ಯ ಎಲ್ಲಿತ್ತು? ಕೆಲಸ ಬಿಟ್ರ ಮನಿ ನಡೀಬೇಕಲ್ಲ. ಎದಿ ಬಿಗಿಯಾಗಿ ಕಟಗೊಂಡ್ನಿ. ಮೂರ ದಿನ ಜ್ವರ ಬಂತು. ಆಮ್ಯಾಲ ಹಾಲು ನಿಂತ್ವು."

"ನಿಮಗ ಕೌದಿ ಹೊಲಿಯಾಕ ಬರತಿತ್ತಲ್ಲರಿ ಆಗ?"

"ಬರತಿತ್ತು. ಮಂದಿಗೆಲ್ಲ ಹೊಲದ ಕೊಟ್ಟೀನಿ. ನನ್ನ ಎದಿಗೊಂದು ಹೊಲಕೊಬೇಕು ಅನ್ನೂದು ತಲಿಗೇ ಬರಲಿಲ್ಲ. ಯಾರ ಮುಂದರೆ ಅಂದಿದ್ರ ಹೇಳಿಕೊಡತಿದ್ರೋ ಏನೋ. ನಾ ಯಾರ ಮುಂದೂ ಅನಲಿಲ್ಲ."

ಆಮೇಲೆ ಸ್ವಲ್ಪ ಹೊತ್ತು ನನ್ನ ಸೂಜಿಗೆ ದಾರ ಪೋಣಿಸಲು ಆಗಲಿಲ್ಲ. ಕಣ್ಣು ಮಂಜಾಗಿತ್ತು.

ಮೊದಲ ಜೋಡಿ ಸಿದ್ಧವಾಯಿತು. ಕೌದಿ ಹೊಲಿಯುವ ಕೈ ನೋಡಿ, ಹತ್ತು ಪದರ ಹಾಕಿಬಿಟ್ಟಿದ್ದರು. ಇಟ್ಟುಕೊಂಡು ಕನ್ನಡಿ ಮುಂದೆ ನಿಂತರೆ ಬ್ಲೌಸಿನೊಳಗೆ ಒಣಗಿ ಗಟ್ಟಿಯಾದ ಎರಡು ಕಟಕ್ ಜೋಳದ ರೊಟ್ಟಿ. ಗಂಡ ಬಂದರು, ನೋಡಿದರು, ಏನೂ ಹೇಳದೆ ಚಹಾ ಕುಡಿಯಲು ಹೊರಗೆ ಹೋದರು. (ಮದುವೆಯಾದ ಮೇಲೆ ಅವರು ಕಲಿತ ಒಂದೇ ಒಂದು ಬುದ್ಧಿ ಅದು.) ಅತ್ತೆ ಮೊದಲು ನಕ್ಕರು. ಇಬ್ಬರೂ ಗೋಡೆಗೆ ಆತು ನಕ್ಕೆವು. ಮಗಳು ಬೆಚ್ಚಿ ಎದ್ದಳು.

ಎರಡನೇ ಜೋಡಿಗೆ ಪದರ ಐದಕ್ಕಿಳಿಯಿತು. ಅಂಚಿನಿಂದ ನಡುವಿನವರೆಗೆ ಒಂದು ಸೀಳು ಕೊಟ್ಟು, ಸೀಳಿನ ಎರಡೂ ಬದಿಯನ್ನು ಒಂದರ ಮೇಲೊಂದು ಸ್ವಲ್ಪ ಸರಿಸಿ ಹೊಲಿದೆವು. ಚಪ್ಪಟೆ ಇದ್ದದ್ದು ಬಟ್ಟಲಿನ ಹಾಗಾಯಿತು. ಹೊರಗೆ ಏನೂ ಕಾಣಲಿಲ್ಲ. ಸಂಜೆಗೆ ನಾಲ್ಕು ಜೋಡಿ. ಒದ್ದೆಯಾದ ಕೂಡಲೇ ಬದಲಿಸಬೇಕು, ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಇಲ್ಲದಿದ್ದರೆ ತುರಿಕೆ. (ಸೋಮಾರಿತನ ಮಾಡಿ ಒಂದು ದಿನ ಅನುಭವಿಸಿದ್ದೇನೆ.)

ಅಷ್ಟಕ್ಕೇ ಬಿಡಲಿಲ್ಲ ನಾವು. ಹಳೇ ಕಾಟನ್ ದುಪಟ್ಟಾದ ಒಂದು ತುದಿಗೆ ಎರಡು ಬಳೆ ಸೇರಿಸಿ ಹೊಲಿದು, ಇನ್ನೊಂದು ತುದಿಯನ್ನು ಅವುಗಳಲ್ಲಿ ತೂರಿಸಿ ಕುತ್ತಿಗೆಗೆ ಹಾಕಿಕೊಂಡರೆ, ಬಸ್ಸಿನಲ್ಲಿ ಹಾಲೂಡಿಸಲು ಮರೆ ಆಯಿತು. ಮೇಲೆ ಸಡಿಲ ಬಿಟ್ಟರೆ ನನಗೆ ಮಗುವಿನ ಮುಖವೂ ಕಾಣುತ್ತದೆ, ಅದಕ್ಕೆ ಗಾಳಿಯೂ ಆಡುತ್ತದೆ. ಮಗಳಿಗೆ ಇಂಜೆಕ್ಷನ್ ಹಾಕಿಸಲು ಜಮಖಂಡಿಗೆ ಹೋದಾಗ ಕಟ್ಟಿಕೊಂಡೆ. ಅವಳು ಅರ್ಧ ದಾರಿ ಹಾಲು ಕುಡಿದಳು, ಅರ್ಧ ದಾರಿ ಬಳೆ ಎಳೆದಳು.

ಪ್ಯಾಡು ಒಣಹಾಕಿದ ದಿನ ಪಕ್ಕದ ಮನೆಯ ಶಾಂತವ್ವ ಹಗ್ಗದ ಕಡೆ ನೋಡಿ ಕೇಳಿದರು. "ಏನ ನೀಲವ್ವಾ, ಗೊಂಬಿಗೆ ಕೌದಿ ಹೊಲದಿ ಏನು?"

ನಾನು ಒಳಗೆ ಓಡಬೇಕು ಅನ್ನುವಷ್ಟರಲ್ಲಿ ಅತ್ತೆ ಓಣಿಗೆಲ್ಲ ಕೇಳುವ ಹಾಗೆ ಹೇಳಿದರು. "ಇಲ್ಲವಾ, ನನ್ನ ಸೊಸಿ ಎದಿಗೆ. ಹಾಲು ಸೋರತಾವು."

ನನ್ನ ಮರ್ಯಾದೆ ಹೋಯಿತು ಅಂದುಕೊಂಡೆ. ಸಂಜೆ ಶಾಂತವ್ವನ ಬಾಣಂತಿ ಮಗಳು ಒಂದು ಹಳೇ ಸೀರೆ ಹಿಡಿದುಕೊಂಡು ಬಂದು ಅತ್ತೆಯ ಪಕ್ಕ ಕೂತಿದ್ದಳು.

ಡಬ್ಬಿ ಹಾಲು ನಮ್ಮ ಮನೆಗೆ ಬರಲಿಲ್ಲ. ಕಚೇರಿಯಲ್ಲೀಗ ಎರಡು ಕೈಯಲ್ಲೂ ಕೆಲಸ ಮಾಡುತ್ತೇನೆ. ಎದೆ ತೀರಾ ಬಿಗಿದು ನೋಯುವಾಗ ಮಾತ್ರ ಏನು ಮಾಡುವುದು ಅಂತ ತಿಳಿಯುತ್ತಿರಲಿಲ್ಲ. ಒಂದು ಮಧ್ಯಾಹ್ನ ಸಂಕೋಚ ಬಿಟ್ಟು ಸುನಂದಾ ಮೇಡಂಗೆ ಹೇಳಿದೆ. ಜೊತೆಗೆ ಚೀಲದಲ್ಲಿದ್ದ ಬದಲಿ ಜೋಡಿಯನ್ನೂ ತೋರಿಸಿದೆ. ಅವರು ಅದನ್ನು ಕೈಗೆ ತಗೊಂಡು ಹೊರಳಿಸಿ ಹೊರಳಿಸಿ ನೋಡಿದರು.

"ನಾ ಪೇಪರ್ ಮಡಚಿ ಇಟಗೋತಿದ್ನಿ," ಅಂದರು. "ಇಪ್ಪತ್ತೈದ ವರ್ಷದ ಹಿಂದ. ಈಗ ನೀ ಕುಂತ ಕುರ್ಚಿನ ಆಗ ನಂದು. ಮೈಯೆಲ್ಲ ಮಸಿ ಆಗತಿತ್ತು."

ಆಮೇಲೆ ರೆಕಾರ್ಡ್ ರೂಮಿನ ಕೀಲಿ ನನ್ನ ಕೈಗಿಟ್ಟರು. "ಹೋಗು, ಒಳಗ ಚಿಲಕ ಹಾಕ್ಕೊಂಡು ಹಾಲು ಹಿಂಡಿಕೊಂಡು ಬಾ. ಕೌಂಟರ್ ನಾ ನೋಡ್ಕೋತೇನಿ."

ಈಗ ದಿನಾ ಹಾಗೆಯೇ ನಡೆಯುತ್ತಿದೆ. ಅವರ ಮಗಳಿಗೂ ಬರುವ ತಿಂಗಳು ಹೆರಿಗೆಯಂತೆ, ಮೂರು ಜೋಡಿ ಹೇಳಿದ್ದಾರೆ.

ಒಂದೇ ಕುರ್ಚಿಯಲ್ಲಿ ಕೂತು ಒದ್ದೆಯಾದ ನಾವಿಬ್ಬರು ಈ ಒಂದು ಮಾತು ಆಡಲು ಇಪ್ಪತ್ತೈದು ವರ್ಷ ಯಾಕೆ ಬೇಕಾಯಿತು?