ಗಾದಿಯ ಮೇಲಿನ ಕಾಫಿ

ಮೊನ್ನೆ ಬ್ಯಾಂಕಿನ ಹುಡುಗಿಯೊಬ್ಬಳು ಫೋನ್ ಮಾಡಿ, ಕ್ರೆಡಿಟ್ ಕಾರ್ಡಿಗೆ ನಾನು ಆಯ್ಕೆಯಾಗಿದ್ದೇನೆ ಎಂದಳು. ಬಡ್ಡಿ ಎಷ್ಟಮ್ಮ ಎಂದು ಕೇಳಿದೆ. ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದಳು. ಅಪ್ಪ ಬದುಕಿದ್ದರೆ ಎರಡು ಕಾರ್ಡು ತೆಗೆದುಕೊಳ್ಳುತ್ತಿದ್ದ. ಬಡ್ಡಿಯನ್ನಂತೂ ಕೇಳುತ್ತಿರಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ಅಜ್ಜನ ಕಾಲದಿಂದ ಗೇಣಿಗೆ ಮಾಡುತ್ತಿದ್ದ ಗದ್ದೆ ನಮ್ಮ ಹೆಸರಿಗೆ ಆಗಿ, ಪಹಣಿ ಕೈಗೆ ಬಂದಿತ್ತು. ನಾನು ತೀರ್ಥಹಳ್ಳಿಯಲ್ಲಿ ಬಿ.ಕಾಂ. ಓದುತ್ತಿದ್ದೆ, ಆದ್ದರಿಂದ ಪ್ರಪಂಚದಲ್ಲಿ ಲೆಕ್ಕ ಗೊತ್ತಿರುವವನು ನಾನೊಬ್ಬನೇ ಎಂದು ತಿಳಿದಿದ್ದೆ. ಪಹಣಿ ಬಂದ ವಾರವೇ ಅಪ್ಪ ನನ್ನನ್ನು ಕರೆದುಕೊಂಡು ಪೇಟೆಯ ಜವಳಿ ಅಂಗಡಿಗೆ ಹೊರಟ.

ಆ ಅಂಗಡಿಗೆ ಎರಡು ಜಾತಿಯ ಗಿರಾಕಿಗಳು ಬರುತ್ತಿದ್ದರು. ಲೆಕ್ಕದ ಪುಸ್ತಕದಲ್ಲಿ ಹೆಸರಿದ್ದವರು ಒಳಗೆ ಗಾದಿಯ ಮೇಲೆ ಕೂತು, ದಿಂಬಿಗೆ ಒರಗಿ, ಪಕ್ಕದ ಹೋಟೆಲಿನಿಂದ ಬಂದ ಕಾಫಿ ಕುಡಿಯುತ್ತಿದ್ದರು. ನಗದು ಕೊಡುವವರು ಹಲಗೆಯ ಈಚೆ ನಿಲ್ಲಬೇಕು. 'ಇಂದು ನಗದು, ನಾಳೆ ಕಡ' ಎಂಬ ಬೋರ್ಡೂ ನಿಂತವರಿಗೆ ಮಾತ್ರ ಕಾಣುವಂತೆ ತೂಗುತ್ತಿತ್ತು. ಲೆಕ್ಕಕ್ಕೆ ಬರೆಸಿದರೆ ಅದೇ ಸೀರೆಗೆ ನಾಲ್ಕು ರೂಪಾಯಿ ಜಾಸ್ತಿ, ದೀಪಾವಳಿ ದಾಟಿದರೆ ಬಡ್ಡಿ ಬೇರೆ. ದುಡ್ಡು ಕೊಟ್ಟವನು ನಿಲ್ಲುವುದು, ಕೊಡದವನು ಕೂರುವುದು ಯಾವ ಅರ್ಥಶಾಸ್ತ್ರ ಎಂದು ನಮ್ಮ ಮೇಷ್ಟ್ರನ್ನು ಕೇಳಬೇಕೆಂದುಕೊಂಡಿದ್ದೆ. ಆವತ್ತು ನೋಡಿದರೆ ಮೇಷ್ಟ್ರೇ ಗಾದಿಯ ಮೇಲಿದ್ದರು.

ಅಪ್ಪ ಅಮ್ಮನಿಗೊಂದು ಸೀರೆ, ತನಗೊಂದು ಪಂಚೆ ಆರಿಸಿದ. ಭತ್ತ ಮಾರಿದ ದುಡ್ಡು ಅವನ ಒಳಜೇಬಿನಲ್ಲಿತ್ತು. ಬೀಳದಿರಲೆಂದು ಅಮ್ಮ ಪಿನ್ನು ಚುಚ್ಚಿಕೊಟ್ಟಿದ್ದಳು. ಅಂಗಡಿಯ ಸಾಹುಕಾರರು ದುಡ್ಡಿಗೆ ಕೈ ಚಾಚಿದರು. ಅಪ್ಪ ಪಿನ್ನು ಬಿಚ್ಚಲಿಲ್ಲ.

"ಲೆಕ್ಕಕ್ಕೆ ಬರ್ಕಳಿ," ಎಂದ.

ದುಡ್ಡು ಇದೆಯಲ್ಲ ಎಂದು ನಾನು ಪಿಸುಗುಟ್ಟಿದೆ. ಅಪ್ಪ ನನ್ನ ಕಾಲು ತುಳಿದ. ಸಾಹುಕಾರರ ಕೈ ಚಾಚಿದಲ್ಲೇ ಇತ್ತು. ಅಪ್ಪನ ಕಿವಿ ಕೆಂಪಾಗಿತ್ತು. ಅವರು ಇಲ್ಲವೆಂದಿದ್ದರೆ ಅಪ್ಪ ಸೀರೆ ಅಲ್ಲೇ ಬಿಟ್ಟು ಬರುತ್ತಿದ್ದ, ಆ ಬೀದಿಗೆ ಮತ್ತೆ ಕಾಲಿಡುತ್ತಿರಲಿಲ್ಲ. ನನಗೆ ಭಯವಾಯಿತು. ಸಾಹುಕಾರರು ಪಹಣಿ ಆಯಿತಂತಲ್ಲ ಎಂದು ಕೇಳಿದರು. ಆಯಿತು ಎಂದ ಅಪ್ಪ. ಅಲ್ಲಿಯವರೆಗೆ ಅವನನ್ನು 'ಏನೋ' ಎನ್ನುತ್ತಿದ್ದವರು ಪುಸ್ತಕ ಎಳೆದುಕೊಂಡು, "ಒಳಗೆ ಬನ್ನಿ, ಕೂತ್ಕಳಿ," ಎಂದರು.

ಕಾಫಿ ಬಂತು. ಅಷ್ಟು ಸಣ್ಣ ಲೋಟವನ್ನು ಅಷ್ಟು ಹೊತ್ತು ಕುಡಿದ ಇನ್ನೊಬ್ಬರನ್ನು ನಾನು ನೋಡಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ನನ್ನ ವಿದ್ಯೆ ತಡೆಯಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಸೀರೆಗೆ ನಾಲ್ಕು, ಪಂಚೆಗೆ ಎರಡು ಜಾಸ್ತಿ, ಆ ಕಾಫಿಗೆ ಆರು ರೂಪಾಯಿ ಬಿತ್ತು ಎಂದೆ. ಅಪ್ಪ ಬೀಡಿ ಹಚ್ಚಿದ.

"ನಿಮ್ಮಜ್ಜ ಸಾಯೋತನ್ಕ ಆ ಅಂಗಡೀಲಿ ನಿಂತ್ಕಂಡೇ ಬಟ್ಟೆ ತಗಂಡ. ಅದ್ಕೆ ಎಷ್ಟು ಬಡ್ಡಿ ಆತು, ಲೆಕ್ಕ ಹಾಕು."

ನಮ್ಮ ಸಿಲಬಸ್ಸಿನಲ್ಲಿ ಅದು ಇರಲಿಲ್ಲ.

ಮೂರು ವರ್ಷದ ಮೇಲೆ ಸಾಗರದಲ್ಲಿ ನನಗೆ ಗುಮಾಸ್ತೆಯ ಕೆಲಸವಾಯಿತು. ಮೊದಲ ಸಂಬಳ ಬಂದಾಗ ತಲೆಗೆ ಕೋಡು ಮೂಡಿತ್ತು. ನೇರವಾಗಿ ಜವಳಿ ಅಂಗಡಿಗೆ ಹೋಗಿ ಅಪ್ಪನ ಬಾಕಿಯನ್ನು ಪೈಸೆ ಬಿಡದೆ ಕಟ್ಟಿದೆ. ಸಾಹುಕಾರರು ಗಾಬರಿಯಾಗಿ, ಅಪ್ಪಯ್ಯ ಆರಾಮಿದ್ದಾರಲ್ಲ ಎಂದು ಎರಡು ಸಲ ಕೇಳಿದರು. ಸಜ್ಜನರು ಎಂದುಕೊಂಡೆ. ಅವರು ಅಪ್ಪನ ಹೆಸರಿನ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದರು.

ರಸೀದಿ ನೋಡಿ ಅಪ್ಪ ಜಗಲಿಯ ಮೇಲೆ ಕುಸಿದು ಕೂತ.

"ನಾನೆಂತ ಸತ್ತಿದ್ನಾ?"

ಆ ಪುಸ್ತಕದಲ್ಲಿ ಎಂಥ ಸಿರಿವಂತನೂ ಹಬ್ಬಕ್ಕೆ ಕಟ್ಟುವಾಗ ಐದೋ ಹತ್ತೋ ರೂಪಾಯಿ ಉಳಿಸಿಯೇ ಬರುತ್ತಿದ್ದನಂತೆ. ಪೂರ್ತಿ ಚುಕ್ತಾ ಮಾಡುವುದು ಯಜಮಾನ ತೀರಿಕೊಂಡ ಮೇಲೆ, ಮಕ್ಕಳು. ಬಿ.ಕಾಂ. ಪಾಸಾದವನು ಬದುಕಿದ್ದ ಅಪ್ಪನ ತಿಥಿ ಮಾಡಿ ರಸೀದಿ ತಂದಿದ್ದೆ. ನಾಚಿಕೆಯಿಂದ ಆ ರಾತ್ರಿ ಊಟ ಸೇರಲಿಲ್ಲ.

ಬೆಳಿಗ್ಗೆ ಮೊದಲ ಬಸ್ಸಿಗೇ ಅಪ್ಪ ಪೇಟೆಗೆ ಹೋದ. ಮಧ್ಯಾಹ್ನ ಒಂದು ಟವೆಲು ಹಿಡಿದು ಬಂದ. ಮನೆಯಲ್ಲಿ ಟ್ರಂಕಿನ ತುಂಬ ಟವೆಲುಗಳಿದ್ದವು. "ಬರ್ಸಿ ಬಂದೆ," ಎಂದ. ಮುಖ ಗೆಲುವಾಗಿತ್ತು.

ಅಪ್ಪ ನಿಜವಾಗಿ ಹೋದದ್ದು ಅದಾದ ಐದಾರು ವರ್ಷಕ್ಕೆ. ಕ್ರಿಯೆಗಳೆಲ್ಲ ಮುಗಿದ ಮೇಲೆ ಅಂಗಡಿಗೆ ಹೋದೆ. ಹಬ್ಬದಲ್ಲಿ ಅವನು ಉಳಿಸಿ ಬಂದಿದ್ದ ಹನ್ನೊಂದು ರೂಪಾಯಿ ಬಾಕಿಯಿತ್ತು. ಸಾಹುಕಾರರು ನನ್ನನ್ನು ಗಾದಿಯ ಮೇಲೆ ಕೂರಿಸಿದರು. ಕೆಂಪು ಶಾಯಿಯ ಪೆನ್ನು ತೆಗೆದರು. ನನ್ನ ಜೇಬಿನಲ್ಲಿ ಇಡೀ ತಿಂಗಳ ಸಂಬಳವಿತ್ತು.

"ಗೆರೆ ಹಾಕ್ಬೇಡಿ," ಎಂದೆ. "ನನ್ನ ಹೆಸರಿಗೆ ಬರ್ಕಳಿ."