ಅರ್ಧ ಷೇರು, ಅರ್ಧ ಠೇವಣಿ

ಅಕ್ಕೋರ ಎಡಗಿವಿಯ ಹಾಲೆ ಎರಡಾಗಿ ಸೀಳಿತ್ತು. ಗಾಯ ಮಾಗಿ, ಸಣ್ಣ ಮೀನಿನ ಬಾಲದ ಹಾಗೆ ಕವಲೊಡೆದು ನಿಂತಿತ್ತು. ಮೂರ್ಛೆ ಬಂದ ತಂಗಿಯನ್ನು ಹಿಡಿಯಲು ಬಗ್ಗಿದಾಗ ಓಲೆ ಅವಳ ಮುಷ್ಟಿಗೆ ಸಿಕ್ಕಿ ಆದದ್ದು ಅದು. ಎಡಗಿವಿ ಎಂದು ಬರೆದೆ. ಶಾಲೆಯ ಗುಂಪು ಫೋಟೋ ತೆಗೆದು ನೋಡಿದರೆ ಬಲಗಿವಿ. ಮುಂದಿನದನ್ನೂ ಇಷ್ಟೇ ನಂಬಿ ಓದಬೇಕು.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುತ್ತಾರೆ. ಬೆಳಕೆಯ ಶಾಲೆಯಲ್ಲಿ ಅವರು ಗಣಿತ, ನಾನು ಸಮಾಜ. ಮುಟ್ಟಳ್ಳಿಯ ಮನೆಯಲ್ಲಿ ಇದ್ದವರು ಅವರು ಮತ್ತು ಅವರಿಗಿಂತ ಬಹಳ ಚಿಕ್ಕವಳಾದ ಆ ತಂಗಿ, ಇಬ್ಬರೇ. ಮೂರ್ಛೆಯಿಂದಾಗಿ ತಂಗಿಗೆ ಹೊರಗೆ ದುಡಿಯಲು ಆಗುತ್ತಿರಲಿಲ್ಲ. ಪಿಂಚಣಿ ನಿಯಮ ಬದಲಾದ ಮೇಲೆ ನೇಮಕವಾದ ನಮಗೆ ಹಳೆಯ ಪಿಂಚಣಿಯೂ ಇಲ್ಲ. ಸಂಬಳ ನಿಂತ ಮೇಲೆ ಇಬ್ಬರೂ ಉಣ್ಣಬೇಕಾದ ಅನ್ನವನ್ನು ಅಕ್ಕೋರು ಒಬ್ಬರೇ ಕೂಡಿಡುತ್ತಿದ್ದರು.

ಒಂದು ಪಾಲು ಬ್ಯಾಂಕಿನ ಠೇವಣಿಗೆ, ಅಷ್ಟೇ ಪಾಲು ಇಂಡೆಕ್ಸ್ ಫಂಡಿಗೆ. ಯಾವ ಕಂಪನಿ ಗೆಲ್ಲುತ್ತದೆ ಎಂದು ಊಹಿಸುವ ಗೋಜಿಲ್ಲ, ದೊಡ್ಡ ಕಂಪನಿಗಳೆಲ್ಲವುಗಳ ಷೇರಿನಲ್ಲಿ ಒಂದೊಂದು ಚೂರು. ಅದಕ್ಕಿಂತ ಒಳ್ಳೆಯ ಸ್ಕೀಮು ತನ್ನಲ್ಲಿದೆ ಎನ್ನುತ್ತಾ ಸ್ಟಾಫ್ ರೂಮಿಗೆ ಬಂದ ಏಜೆಂಟನಿಗೆ ಅಕ್ಕೋರು ಹೇಳಿದರು: “ನಂಗೆಷ್ಟು ಬರ್ತದೆ ಅಂತ ದೇವರಿಗೂ ಗೊತ್ತಿಲ್ಲ ತಮಾ. ನಿಮ್ಮ ಕಂಪನಿ ವರ್ಷಕ್ಕೆ ಫೀಸು ಅಂತ ಎಷ್ಟು ಹಿಡ್ಕಂತದೆ, ಅದು ಹೇಳು.” ಅವನು ಚಹಾ ಕುಡಿದು ಹೋದ.

ಪ್ರತಿ ಜೂನಿನಲ್ಲಿ, ಶಾಲೆ ಶುರುವಾದ ವಾರ, ಬೆಳೆದ ಪಾಲಿನಿಂದ ತೆಗೆದು ಸೊರಗಿದ್ದಕ್ಕೆ ಹಾಕಿ ಎರಡನ್ನೂ ಸಮ ಮಾಡುತ್ತಿದ್ದರು. ಏರುತ್ತಿರುವುದನ್ನು ಯಾಕೆ ಮಾರುತ್ತೀರಿ ಎಂದು ಕೇಳಿದೆ.

“ಗದ್ದೆ ನಟ್ಟಿ ಆದ್ಮೇಲೆ ದಟ್ಟ ಇದ್ದಲ್ಲಿ ಕಿತ್ತು ಬೋಳು ಇದ್ದಲ್ಲಿ ಊರೂದಿಲ್ವಾ ಮಾಸ್ತರೇ? ಅಷ್ಟೇ. ವಯಸ್ಸಾದಂಗೆ ಷೇರು ಇಳಿಸ್ತಾ ಬರಬೇಕು. ಬಿದ್ರೆ ಏಳೂಕೆ ಟೈಮ್ ಬೇಕಲ್ಲ.”

ಅವರನ್ನು ನೋಡಿ ನಾನೂ ಶುರು ಮಾಡಿದೆ. ನನ್ನ ಮುಪ್ಪಿಗೆಂದು ಇರುವುದೆಲ್ಲ ಅವರು ತೋರಿಸಿಕೊಟ್ಟದ್ದು.

ಒಂದು ವರ್ಷ ಮಂಗಳೂರಿನ ಆಸ್ಪತ್ರೆಯಲ್ಲಿ ಅಕ್ಕೋರಿಗೆ ಹೊಟ್ಟೆಯ ಕ್ಯಾನ್ಸರ್ ಗಡ್ಡೆ ಎಂದರು. ಮೊದಲ ಸುತ್ತಿನ ಚಿಕಿತ್ಸೆ ಮುಗಿಸಿ, ಕೂದಲುದುರಿದ ತಲೆಗೆ ಸೆರಗು ಹೊದ್ದು, ಜೂನಿನಲ್ಲಿ ಶಾಲೆಗೆ ಬಂದರು. ಆ ವಾರ ನಮ್ಮೆದುರೇ ಫೋನಿನಲ್ಲಿ ಪಾಲು ಬದಲಿಸಿದರು. ಮುಕ್ಕಾಲು ಷೇರು, ಕಾಲು ಠೇವಣಿ.

ಹೆಡ್‌ಮಾಸ್ತರರು ನಕ್ಕರು. “ಎಂತ ಅಕ್ಕೋರೇ, ನೂರು ವರ್ಷ ಬದುಕೂ ಅಂದಾಜಾ? ವಯಸ್ಸಾದಂಗೆ ಇಳಿಸ್ಬೇಕು ಅಂದವ್ರು ನೀವೇ ಅಲ್ವಾ?”

“ಹೌದು. ಯಾರ ವಯಸ್ಸು?”

ಪ್ರಶ್ನೆ ಹೆಡ್‌ಮಾಸ್ತರರಿಗೆ ತಿಳಿಯಲಿಲ್ಲ. ನನಗೂ.

“ನಂದು ಆತು, ಮಾಸ್ತರೇ. ಇನ್ನು ತಂಗಿ ವಯಸ್ಸಿಗೆ ಲೆಕ್ಕ. ಅವಳು ಇನ್ನೂ ಮೂವತ್ತು ನಲವತ್ತು ವರ್ಷ ಉಣ್ಬೇಕು. ಠೇವಣಿ ಒಂದೇ ಆದ್ರೆ ಅಕ್ಕಿ ರೇಟು ಅದನ್ನ ತಿಂದು ಹಾಕ್ತದೆ.”

ಕ್ಲಾಸಿಲ್ಲದಿದ್ದರೂ ಹೆಡ್‌ಮಾಸ್ತರರು ಎದ್ದು ಹೋದರು.

ಎರಡನೆಯ ಸುತ್ತಿಗೆ ಅಕ್ಕೋರು ಹೋಗಲಿಲ್ಲ. ಉಪಯೋಗವಿಲ್ಲ ಎಂದು ಡಾಕ್ಟರರೇ ಹೇಳಿದರು ಎಂಬುದು ಒಂದು ಮಾತು. ಖರ್ಚಿಗೆ ಫಂಡು ಮಾರಬೇಕಾಗುತ್ತದೆ ಎಂದು ಅವರೇ ಬಿಟ್ಟರು ಎಂಬುದು ಇನ್ನೊಂದು. ಅವರ ಮನೆಯ ಜಗಲಿಯಲ್ಲಿ ನಾನು ಕೇಳಿದಾಗ, “ಮಾರ್ಕೆಟ್ ಬಿದ್ದದೆ, ಈಗ ಮಾರಿದ್ರೆ ಅಗ್ಗ” ಎಂದು ನಕ್ಕ ನೆನಪು. ಆದರೆ ಈ ಮಾತು ಅವರ ಬಾಯಿಗೆ ಎಷ್ಟು ಚೆನ್ನಾಗಿ ಹೊಂದುತ್ತದೆಂದರೆ, ಆಮೇಲೆ ನಾನೇ ಹೊಂದಿಸಿಕೊಂಡದ್ದೇನೋ ಎಂದು ಅನುಮಾನ. ಕೊನೆಗೆ ಅವರ ಮಣಿಕಟ್ಟು ಬಳೆ ನಿಲ್ಲದಷ್ಟು ಸಣ್ಣಗಾಗಿತ್ತು. ಇದು ಅನುಮಾನವಲ್ಲ. ದೀಪಾವಳಿಗೆ ಮೊದಲು ಹೋದರು.

ಮುಂದಿನ ಜೂನಿಗೆ ಮಾರ್ಕೆಟ್ ಇನ್ನೂ ಕೆಳಗಿತ್ತು. ಜೂನಿನ ಲೆಕ್ಕ ನೋಡಿಕೊಡುತ್ತೇನೆ ಎಂದು ಅಕ್ಕೋರಿಗೆ ಮೊದಲೇ ಮಾತು ಕೊಟ್ಟಿದ್ದರಿಂದ ಮುಟ್ಟಳ್ಳಿಗೆ ಹೋದೆ. ಎಲ್ಲವೂ ತಂಗಿಯ ಹೆಸರಿಗೆ ಬಂದಿತ್ತು. ಷೇರು ಮುಕ್ಕಾಲು ಪಾಲಿಗಿಂತ ಇಳಿದಿದೆ, ಠೇವಣಿಯಿಂದ ತೆಗೆದು ಫಂಡಿಗೆ ಹಾಕಬೇಕು ಎಂದೆ.

“ಬಿದ್ದದ್ದನ್ನೇ ಮತ್ತೆ ತಗಳೂದಾ? ಹುಚ್ಚು ಅಕ್ಕಂಗಾ, ನಿಮಗಾ?”

“ಇಬ್ಬರಿಗೂ” ಎಂದೆ. ಅವಳು ಸ್ವಲ್ಪ ನಕ್ಕಳು. ಹಿಂದಿನ ವಾರ ಮತ್ತೆ ಮೂರ್ಛೆ ಬಂದು, ಬಿದ್ದ ಹೊಡೆತಕ್ಕೆ ಹುಬ್ಬಿನ ಮೇಲೆ ಹೊಲಿಗೆ ಇತ್ತು. ಫೋನನ್ನು ಅವಳ ಕೈಗೆ ಕೊಟ್ಟೆ. ಹೆಬ್ಬೆರಳನ್ನು ಗುಂಡಿಯ ಹತ್ತಿರ ತಂದು ನಿಲ್ಲಿಸಿ ಕೇಳಿದಳು:

“ನಾನು ಅಷ್ಟು ವರ್ಷ ಬದುಕ್ತೆ ಅಂತ ಅಕ್ಕಂಗೆ ಯಾರು ಹೇಳಿದ್ರು, ಮಾಸ್ತರೇ?”

ನನ್ನ ಉತ್ತರಕ್ಕೆ ಕಾಯದೆ ಒತ್ತಿದಳು.